ಗೋಣಿತಾಟಿನ ಗಾಯಕ

ಹೆಂಡತಿಗೆ ಮುಂದೊಂದು ದಿನ ಕಿವಿ ಕೇಳಿಸುತ್ತದೆ ಎಂದು ಗೊತ್ತಿದ್ದಿದ್ದರೆ ಪೆಟ್ಟಿಗೆ ಮಾಸ್ತರರು ಮದುವೆಯಾದ ಹೊಸತರಲ್ಲಿ ಸಂಗೀತದ ಬಗ್ಗೆ ಅಷ್ಟು ಧಾರಾಳವಾಗಿ ಮಾತಾಡುತ್ತಿರಲಿಲ್ಲ. ಆದರೆ ಅಂಥದ್ದೊಂದು ಕಾಲ ಬಂದೀತೆಂದು ಆಗ ಯಾರೂ ಅಂದುಕೊಂಡಿರಲಿಲ್ಲ. ಅವಳು ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗ ಒಂದು ಜ್ವರ ಬಂದಿತ್ತು. ಹೋಗುವಾಗ ಅದು ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಯಿತು. ಮಾತು ಉಳಿಯಿತು, ಆದರೆ ಏರಿಳಿತವಿಲ್ಲದ ಮಾತು. ಬೈದರೂ ಅದೇ ದನಿ, ಹೊಗಳಿದರೂ ಅದೇ ದನಿ. ಎದುರಿನವರ ತುಟಿ ನೋಡಿ ಅವರ ಮಾತನ್ನು ಓದಿಬಿಡುತ್ತಿದ್ದಳು. ಆದ್ದರಿಂದ ಅವಳ ಎದುರು ನಿಂತು ಗುಟ್ಟು ಮಾತಾಡಿದವರು ಆಮೇಲೆ ತಲೆ ತಗ್ಗಿಸಿಕೊಂಡು ಓಡಾಡಬೇಕಾಗುತ್ತಿತ್ತು.

ಮಾಸ್ತರರದು ಆರ್ಕೆಸ್ಟ್ರಾದಲ್ಲಿ ಅಕಾರ್ಡಿಯನ್ ಪೆಟ್ಟಿಗೆ ನುಡಿಸುವ ಕೆಲಸ. ಮದುವೆ ಮನೆ, ಕಂಪನಿಗಳ ವಾರ್ಷಿಕೋತ್ಸವ, ಹೊಸ ಅಂಗಡಿಯ ಆರಂಭ, ಎಲ್ಲಿ ಕರೆದರೂ ಹೋಗಿ, ಜನ ಆಗಲೇ ಕೇಳಿ ಕೇಳಿ ಸವೆಸಿದ ಹಾಡುಗಳನ್ನು ಇನ್ನೊಮ್ಮೆ ಸವೆಸಿ ಬರುವ ತಂಡ. ಅವಳು ಟೈಲರ್. ತಂಡದವರ ಮಿಂಚುವ ಕೋಟುಗಳನ್ನು ಹೊಲಿಯುತ್ತಿದ್ದವಳು ಅವಳೇ. ಮೊದಲ ಸಲ ಅಳತೆ ತೆಗೆದುಕೊಳ್ಳುವಾಗ ಅವಳು ಮಾಸ್ತರರಿಗೆ ಹೇಳಿದ ಮೊದಲ ಮಾತು, "ಪೆಟ್ಟಿಗೆ ಹೊತ್ತು ಹೊತ್ತು ನಿಮ್ಮ ಎಡ ಭುಜ ಇಳಿದುಹೋಗಿದೆ." ಅದುವರೆಗೆ ಯಾವ ಹೆಣ್ಣೂ ಅವರ ಭುಜದ ಕಡೆ ನೋಡಿರಲಿಲ್ಲ. ಮಾಸ್ತರರು ಅಲ್ಲೇ ಬಿದ್ದುಹೋದರು.

ಮದುವೆಯಾದ ಮೇಲೆ ಒಂದು ಮಧ್ಯಾಹ್ನ ಅವಳು ಹೊಲಿಗೆ ಮಷಿನ್ನಿನ ಮುಂದೆ ಕೂತು ಕೇಳಿದಳು.

"ರೀ, ರೇಡಿಯೋದಲ್ಲಿ ಆ ಮುದುಕಿ ಹಾಡ್ತಾಳಲ್ಲ, ಅವಳ ಹಾಡಿಗೆ ಜನ ಯಾಕೆ ಅಳ್ತಾರೆ?"

"ಇಂಪಾಗಿರತ್ತೆ."

"ಇಂಪು ಅಂದ್ರೆ?"

ಇಂಪು ಎಂದರೆ ಏನೆಂದು ಮಾಸ್ತರರನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಆರ್ಕೆಸ್ಟ್ರಾದಲ್ಲಿ ಇರಲು ಬಿಡುತ್ತಲೂ ಇರಲಿಲ್ಲವೇನೋ. ಅವಳ ತೊಡೆಯ ಮೇಲೆ ಒಂದು ರೇಷ್ಮೆ ತುಂಡು ಬಿದ್ದಿತ್ತು. ಅದನ್ನೆತ್ತಿ ಅವಳ ಕೆನ್ನೆಗೆ ಒತ್ತಿದರು. "ಇದು ಆ ಯಮ್ಮನ ಗಂಟಲು" ಎಂದರು.

ಅಲ್ಲಿಂದ ಮನೆಯಲ್ಲಿ ಒಂದು ಪದ್ಧತಿ ಶುರುವಾಯಿತು. ರೇಡಿಯೋದಲ್ಲಿ ಯಾರೇ ಹಾಡಲಿ, ಪತ್ರಿಕೆಯಲ್ಲಿ ಯಾರದೇ ಫೋಟೋ ಬರಲಿ, ಅವಳು ತುಂಡು ಬಟ್ಟೆಗಳ ಬುಟ್ಟಿಯನ್ನು ಮುಂದೆ ತಳ್ಳುತ್ತಿದ್ದಳು. ಮಾಸ್ತರರು ಹುಡುಕಿ ಒಂದನ್ನು ಎತ್ತಿ ಕೊಡುತ್ತಿದ್ದರು. ಗಜಲ್ ಎಂದರೆ ಮಲ್ಮಲ್, ಉಟ್ಟರೂ ಉಟ್ಟ ಹಾಗಿರುವುದಿಲ್ಲ. ರಾಕ್ ಎಂದರೆ ಜೀನ್ಸು, ಹರಿದ ಮೇಲೆಯೇ ಅದಕ್ಕೆ ಮರ್ಯಾದೆ ಜಾಸ್ತಿ. ಜಾಜ್ ಎಂದರೆ ತುಂಡುಗಳನ್ನು ಸೇರಿಸಿ ಹೊಲಿದ ಹೊದಿಕೆ, ಮುಂದೆ ಯಾವ ತುಂಡು ಬರುತ್ತದೆಂದು ಹೊಲಿಯುವವನಿಗೂ ಗೊತ್ತಿರುವುದಿಲ್ಲ. ರ‍್ಯಾಪ್ ಬಂದ ಕಾಲಕ್ಕೆ ಮಾಸ್ತರರು ಬುಟ್ಟಿಗೆ ಕೈಯನ್ನೇ ಹಾಕಲಿಲ್ಲ. "ಅದು ಬಟ್ಟೆ ಅಲ್ಲ. ಬರೀ ಹ್ಯಾಂಗರು" ಎಂದರು.

ಈ ಕೆಲಸವನ್ನು ಅವರು ಶ್ರದ್ಧೆಯಿಂದ ಮಾಡಿದರು ಎನ್ನಲೇಬೇಕು. ಯಾವ ಗಾಯಕಿಯ ದನಿ ಮೇಲಿನ ಸ್ಥಾಯಿಗೆ ಹೋದಾಗ ನೈಲಾನಿನ ಹಾಗೆ ಕಿರುಗುಟ್ಟುತ್ತದೆ, ಯಾವ ಗಾಯಕನ ದನಿಗೆ ಒಳಗೆ ಲೈನಿಂಗ್ ಕೊಟ್ಟ ಹಾಗಿದೆ, ಎಲ್ಲವನ್ನೂ ತೂಕ ಮಾಡಿ ಹೇಳುತ್ತಿದ್ದರು. ಅವಳು ಅದನ್ನು ಮನಸ್ಸಿಗೆ ಇಳಿಸಿಕೊಂಡಳು. ಅಂಗಡಿಗೆ ಬಂದ ಗಿರಾಕಿಗಳ ಜೊತೆ ಅವಳು ಗಾಯಕರ ವಿಷಯಕ್ಕೆ ವಾದಕ್ಕಿಳಿಯುತ್ತಿದ್ದಳು, ಗೆಲ್ಲುತ್ತಲೂ ಇದ್ದಳು. ಕಿವಿ ಇದ್ದವರಿಗೆ ತಾವು ಕೇಳಿದ್ದೇನೆಂದು ಹೇಳಲು ಬರುತ್ತಿರಲಿಲ್ಲ. ಇವಳಿಗೆ ಬರುತ್ತಿತ್ತು.

ಇಷ್ಟೆಲ್ಲ ಸತ್ಯದ ನಡುವೆ ಮಾಸ್ತರರು ಎರಡೇ ಎರಡು ಸುಳ್ಳು ಹೇಳಿದ್ದರು.

ಆ ಕಾಲದಲ್ಲಿ ಒಬ್ಬ ಗಾಯಕ ಇದ್ದ. ತಲೆ ತುಂಬ ಗುಂಗುರು ಕೂದಲು, ಅದರಿಂದ ಊರೆಲ್ಲ ಅವನನ್ನು ಗುಂಗುರು ಎಂದೇ ಕರೆಯುತ್ತಿತ್ತು. ಹಾಡುಗಾರರಲ್ಲಿ ಅಷ್ಟು ಚೆಲುವ ಇನ್ನೊಬ್ಬ ಇರಲಿಲ್ಲ. ಒಂದು ದಿನ ಮಾಸ್ತರರು ಮನೆಗೆ ಬಂದಾಗ ಅವನ ಬಣ್ಣದ ಫೋಟೋ ಹೊಲಿಗೆ ಮಷಿನ್ನಿನ ಎದುರಿನ ಗೋಡೆಗೆ ಅಂಟಿತ್ತು. ಹೊಸ ಹೆಂಡತಿ ಅದನ್ನು ತಲೆ ಓರೆ ಮಾಡಿ ನೋಡುತ್ತಿದ್ದಳು.

"ಇವನು ಹೇಗೆ ಹಾಡ್ತಾನೆ?" ಎಂದು ಕೇಳಿದಳು.

ಹೊಟ್ಟೆಕಿಚ್ಚಿಗೆ ಬೆಂಕಿಪೊಟ್ಟಣ ಬೇಕಾಗುವುದಿಲ್ಲ. ಮಾಸ್ತರರು ಬುಟ್ಟಿಯನ್ನು ಬಿಟ್ಟು ನೇರವಾಗಿ ಬಾಗಿಲಿಗೆ ಹೋದರು. ಕಾಲೊರೆಸಲು ಹಾಕಿದ್ದ ಗೋಣಿತಾಟನ್ನು ಎತ್ತಿ ತಂದು ಅವಳ ಕೈಗಿಟ್ಟರು. ಅವಳು ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ಅಯ್ಯೋ ಪಾಪ" ಎಂದಳು. ಆಮೇಲೆ, "ನಿಮ್ಮ ಪೆಟ್ಟಿಗೆ?" ಎಂದಳು. ಹೊಸದಾಗಿ ಮದುವೆಯಾದ ಗಂಡಸು. "ಅದೂ ರೇಷ್ಮೇನೇ" ಎಂದುಬಿಟ್ಟರು.

ಮಗಳು ಹುಟ್ಟಿ, ಬೆಳೆದು, ಕಾಲೇಜಿಗೆ ಹೋಗುವಷ್ಟು ಕಾಲ ಆ ಎರಡು ಸುಳ್ಳುಗಳು ಯಾರಿಗೂ ತೊಂದರೆ ಕೊಡದೆ ಮನೆಯಲ್ಲಿ ಬಿದ್ದುಕೊಂಡಿದ್ದವು. ಆಮೇಲೆ ಆಸ್ಪತ್ರೆಯವರು, ಈಗ ತಲೆಯ ಒಳಗೆ ತಂತಿ ಕೂರಿಸಿ ಕಿವಿ ಕೇಳಿಸುವ ಹಾಗೆ ಮಾಡಬಹುದು ಎಂದರು.

ಆಪರೇಷನ್ ಆಯಿತು. ಕಿವಿಯ ಹಿಂದೆ ಒಂದು ಪುಟ್ಟ ಯಂತ್ರ, ತಲೆಗೆ ಅಂಟಿಕೊಳ್ಳುವ ಕೋಟಿನ ಗುಂಡಿಯಷ್ಟು ಅಗಲದ ಬಿಲ್ಲೆ. ಅದನ್ನು ಹಾಕಿ ಹೊಂದಿಸುವವಳು ಆಸ್ಪತ್ರೆಯ ಶ್ರವಣ ವಿಭಾಗದ ಒಬ್ಬ ತರುಣಿ. ಮನೆಯಲ್ಲಿ ಅವಳಿಗೆ ಕಿವಿ ಟೀಚರ್ ಎಂದು ಹೆಸರು ಬಿತ್ತು. ಮೊದಲ ದಿನ ಯಂತ್ರ ಚಾಲೂ ಮಾಡಿದಾಗ ಎಲ್ಲರೂ ಕಣ್ಣೀರಿಗೆ ಸಿದ್ಧರಾಗಿ ಕರವಸ್ತ್ರ ಹಿಡಿದು ನಿಂತಿದ್ದರು. ಅವಳು ಸುತ್ತ ನೋಡಿ, "ಇಲಿಗಳು ಜಗಳ ಆಡ್ತಿವೆ" ಎಂದಳು. ಜಗಳವಾಡುತ್ತಿದ್ದುದು ಇಲಿಗಳಲ್ಲ, ಗಂಡ ಮತ್ತು ಅತ್ತೆ.

ದಿನ ಕಳೆದ ಹಾಗೆ ಇಲಿಗಳು ಮನುಷ್ಯರಾದವು. ತುಟಿ ನೋಡದೆ ಒಂದೊಂದು ಮಾತು ಹಿಡಿಯತೊಡಗಿದಳು. ಹೊಲಿಗೆ ಮಷಿನ್ನು ತುಳಿದು, ಥಟ್ಟನೆ ನಿಲ್ಲಿಸಿ, "ಇದು ಇಷ್ಟು ಸದ್ದು ಮಾಡತ್ತಾ? ಇಷ್ಟು ವರ್ಷ ಒಬ್ಬರಾದ್ರೂ ಹೇಳಬಾರದಿತ್ತಾ?" ಎಂದಳು. ಮಾಸ್ತರರ ತಾಯಿ ಅದುವರೆಗೆ ಅಡಿಗೆಮನೆಯಲ್ಲಿ ನಿಂತು ಗೊಣಗುತ್ತಿದ್ದವರು ಈಗ ಗೊಣಗಾಟವನ್ನು ಹಿತ್ತಲಿಗೆ ವರ್ಗಾಯಿಸಿಕೊಂಡರು. ಸಂಜೆ ಮಗಳು ಬಸ್ಸು ಹತ್ತುವ ಮುಂಚೆ ಫೋನ್ ಮಾಡುತ್ತಿದ್ದಳು. ತಾಯಿ ಮಗಳು ಫೋನಿನಲ್ಲಿ ಎರಡು ಮಾತಾಡುವುದು ದಿನದ ದೊಡ್ಡ ಸಂಗತಿಯಾಯಿತು. "ಏನು ತರಲಿ" ಎಂದು ಅವಳು, "ಏನೂ ಬೇಡ, ನೀನು ಬಾ" ಎಂದು ಇವಳು. ದಿನವೂ ಅದೇ ಮಾತು, ದಿನವೂ ಫೋನ್ ಇಟ್ಟ ಮೇಲೆ ಇವಳ ಮುಖ ಅರಳಿರುತ್ತಿತ್ತು.

"ಸಂಗೀತ ಕೊನೆಗೆ ಬರೋದು" ಎಂದಿದ್ದಳು ಕಿವಿ ಟೀಚರ್. "ಅವಸರ ಮಾಡಬೇಡಿ. ಒಂದು ಸಲಕ್ಕೆ ಒಬ್ಬರನ್ನ ಪರಿಚಯ ಮಾಡಿಸಿ. ಸರ್ ಹೇಗೂ ಸಂಗೀತದೋರು."

ಮಾಸ್ತರರು ತಲೆಯಾಡಿಸಿದರು. ಹೊರಗೆ ಬಂದ ಮೇಲೆ ಅವರಿಗೆ ಗೋಣಿತಾಟು ನೆನಪಾಯಿತು.

ಪರಿಚಯ ಶುರುವಾಯಿತು. ಮೊದಲು ರೇಷ್ಮೆ ಮುದುಕಿ. ಹೆಂಡತಿ ಕಣ್ಣು ಮುಚ್ಚಿ ಕೇಳಿ, "ರೇಷ್ಮೆ ಅಲ್ಲ ಇದು. ತಗಡು" ಎಂದಳು. ಇನ್ನೂ ಕಿವಿ ಹದಕ್ಕೆ ಬಂದಿಲ್ಲ ಎಂದು ಮಾಸ್ತರರು ಸಮಾಧಾನ ಹೇಳಿದರು. ಆ ಸಮಾಧಾನದಲ್ಲಿ ಅವರಿಗೂ ಒಂದು ಪಾಲಿತ್ತು. ಗಜಲ್ ಹಾಕಿದರು. "ಯಾರಿಗೋ ಹೊಟ್ಟೆನೋವು" ಎಂದಳು. ಜಾಜ್ ಹಾಕಿದಾಗ ಎದ್ದು ಅಡಿಗೆಮನೆಗೆ ಹೋಗಿ ಪಾತ್ರೆ ಬಿದ್ದಿವೆಯೇ ಎಂದು ನೋಡಿ ಬಂದಳು. ಮಾಸ್ತರರು ಸೋಲೊಪ್ಪದೆ ಕೂತರು. ಒಂದೇ ಹಾಡನ್ನು ದಿನವೂ ಹಾಕುವುದು, ಮೊದಲು ಬರೀ ಕೊಳಲು, ಆಮೇಲೆ ಬರೀ ಗಂಟಲು, ಆಮೇಲೆ ಎರಡೂ. ಹಾಡುಗಾರ ಯಾವ ಊರವನು, ಮೊದಲು ಯಾವ ಕೆಲಸದಲ್ಲಿದ್ದ, ಈ ಹಾಡು ಹಾಡುವಾಗ ಅವನ ಮನೆಯಲ್ಲಿ ಏನಾಗಿತ್ತು, ಎಲ್ಲ ಹೇಳುವುದು. ಹೆಸರು ಗೊತ್ತಾದ ಮನುಷ್ಯನ ದನಿ ಬೇಗ ಹತ್ತಿರವಾಗುತ್ತದೆ ಎಂಬುದು ಅವರ ನಂಬಿಕೆ.

ಆದರೆ ಮೊದಲು ಹತ್ತಿರವಾಗಿದ್ದು ಹ್ಯಾಂಗರು. ಮಗಳು ಬಟ್ಟೆ ಮಡಿಸುತ್ತಾ ತನ್ನ ಫೋನಿನಲ್ಲಿ ರ‍್ಯಾಪ್ ಹಾಕಿಕೊಂಡಿದ್ದಳು. ಮಷಿನ್ನು ತುಳಿಯುತ್ತಿದ್ದ ತಾಯಿಯ ಕಾಲು ಅದಕ್ಕೆ ಕೂಡಿಕೊಂಡಿತು. ಕೊನೆಗೆ ಹಾಡೂ ಕಾಲೂ ಒಂದೇ ಸಲ ನಿಂತವು.

"ರೀ, ಹ್ಯಾಂಗರು ಚೆನ್ನಾಗಿದೆ" ಎಂದಳು. "ಮಷಿನ್ನಿನ ಹಾಗೆ ಹೋಗತ್ತೆ. ಮಾತೂ ತಿಳಿಯತ್ತೆ. ಕೋಪ ಬಂದಿರೋರು ಹೊಲಿಯೋಕೆ ಕೂತ ಹಾಗಿದೆ."

ಮಾಸ್ತರರು ಎರಡು ದಿನ ಮುಖ ಗಂಟು ಹಾಕಿಕೊಂಡು ಓಡಾಡಿದರು. ಜೀವಮಾನವಿಡೀ ರಾಗದ ಅನ್ನ ತಿಂದವನ ಹೆಂಡತಿ ತಾಳಕ್ಕೆ ಒಲಿದರೆ ಯಾರಿಗೆ ದೂರು ಕೊಡುವುದು.

ಅವಳು ಮೊದಲ ದಿನದಿಂದಲೂ ಗುಂಗುರುವಿನ ಹಾಡು ಹಾಕಿ ಎಂದು ಕೇಳುತ್ತಿದ್ದಳು. "ಆ ಗೋಣಿತಾಟು ಹಾಕ್ರೀ. ಕೆಟ್ಟದ್ದು ಯಾವುದು ಅಂತ ಗೊತ್ತಾದ್ರೆ ಒಳ್ಳೇದು ಗೊತ್ತಾಗತ್ತೆ." ಮಾಸ್ತರರು, ಹೊಸ ಕಿವಿಗೆ ಅಷ್ಟು ಒರಟು ಬೇಡ ಎನ್ನುತ್ತಿದ್ದರು. ಯಂತ್ರ ಕೆಟ್ಟೀತು ಎನ್ನುತ್ತಿದ್ದರು. ಒಮ್ಮೆ, ಅವನ ಹಾಡುಗಳು ಈಗ ಎಲ್ಲೂ ಸಿಗುವುದಿಲ್ಲ ಎಂದೂ ಹೇಳಿದರು. ಆ ಹೊತ್ತಿಗೆ ಹೊರಗಡೆ ಒಂದು ಆಟೋದಲ್ಲಿ ಅವನೇ ಹಾಡಿಕೊಂಡು ಹೋಗುತ್ತಿದ್ದ. ಕಿಟಕಿ ಮುಚ್ಚಿದರು.

ಒಂದು ಭಾನುವಾರ ತಂಡದ ಕೆಲಸ ಮುಗಿಸಿ ಮನೆಗೆ ಬಂದಾಗ ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. ಮಗಳ ಕೈಯಲ್ಲಿ ಫೋನ್ ಇತ್ತು.

"ಗುಂಗುರುನ ಕೇಳಿದೆ" ಎಂದಳು. ದನಿಯಲ್ಲಿ ಎಂದಿನಂತೆ ಏನೂ ಇಲ್ಲ.

ಮಾಸ್ತರರು ಪೆಟ್ಟಿಗೆ ಇಳಿಸಿದರು. "ಹೇಗಿದ್ದ?"

"ಅದೇ ಯೋಚನೆ ಆಗಿದೆ. ನುಣ್ಣಗಿದ್ದ. ಎಲ್ಲರಿಗಿಂತ ನುಣ್ಣಗೆ. ಮಧ್ಯೆ ಒಂದು ಕಡೆ ನನ್ನ ಕುತ್ತಿಗೆ ಹಿಂದೆ ಜುಮ್ ಅಂತು." ಅವಳು ಯಂತ್ರವನ್ನು ಬೆರಳಲ್ಲಿ ತಟ್ಟಿದಳು. "ಮಷಿನ್ ಕೆಟ್ಟಿದೆ ರೀ. ಗೋಣಿನ ನುಣ್ಣಗೆ ಕೇಳಿಸ್ತಿದೆ ಅಂದ್ರೆ ಎಲ್ಲಾ ತಿರುಗಾಮುರುಗಾ ಆಗಿದೆ."

"ಅಮ್ಮ, ಅವನು ಚೆನ್ನಾಗೇ ಹಾಡ್ತಾನೆ. ಹಳಬ, ಆದ್ರೆ ಚೆನ್ನಾಗೇ ಹಾಡ್ತಾನೆ" ಎಂದಳು ಮಗಳು.

"ನೀನು ಸುಮ್ಮನಿರು. ನೀನು ಹ್ಯಾಂಗರು ಕೇಳೋಳು. ನಿಮ್ಮಪ್ಪನಿಗಿಂತ ಗೊತ್ತಾ ನಿನಗೆ?"

ಅದು ಬಾಯಿ ಬಿಡಬೇಕಾದ ಗಳಿಗೆ. ಮಾಸ್ತರರು ಬಾಯಿ ಬಿಟ್ಟರು, ಬಿಟ್ಟರೆ ಬಣ್ಣಗೇಡು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. "ಗಂಟಲು ಅನ್ನೋದು ದಿನಕ್ಕೊಂದು ಥರ ಇರತ್ತೆ. ಈಗಿನ ರೆಕಾರ್ಡಿಂಗಲ್ಲಿ ಏನೇನೋ ಮಾಡ್ತಾರೆ." ಅವಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಯಂತ್ರ ಕೆಟ್ಟಿದೆ ಎಂಬುದು ಅವಳಿಗೆ ಖಾತ್ರಿಯಾಗಿತ್ತು, ಏಕೆಂದರೆ ಗಂಡ ಕೆಡುವ ಸಾಧ್ಯತೆ ಅವಳ ಲೆಕ್ಕದಲ್ಲೇ ಇರಲಿಲ್ಲ.

ಕಿವಿ ಟೀಚರ್ ಕೋಣೆಯಲ್ಲಿ ಒಂದು ಮೇಜು, ಕಂಪ್ಯೂಟರು, ಪ್ಲಾಸ್ಟಿಕ್ಕಿನ ಒಂದು ದೊಡ್ಡ ಕಿವಿ. ಅವಳು ಸಾವಧಾನವಾಗಿ ದೂರು ಕೇಳಿದಳು.

"ನೋಡಿ ಮೇಡಂ, ಯಂತ್ರ ಹೊಂದಿಸೋಕೆ ಒಂದು ಅಳತೆ ಬೇಕು. ಕೆಲವರಿಗೆ ಅವರಮ್ಮನ ದನಿ ನೆನಪಿರತ್ತೆ, ಅದಕ್ಕೆ ಸರಿಯಾಗಿ ತಿರುಗಿಸ್ತೀವಿ. ನಿಮಗೆ ಹೀಗೇ ಇರಬೇಕು ಅಂತ ಗಟ್ಟಿಯಾಗಿ ಗೊತ್ತಿರೋ ದನಿ ಯಾವುದು?"

"ಗುಂಗುರು. ಅವನದು ಗೋಣಿತಾಟು."

"ಅದು ಹೇಗೆ ಗೊತ್ತು?"

"ಇವರು ಹೇಳಿದ್ದಾರೆ."

ಟೀಚರ್ ಮಾಸ್ತರರ ಕಡೆ ಗೌರವದಿಂದ ನೋಡಿದಳು. "ಸರ್ ಹೇಳಿದ್ರೆ ಸರಿಯೇ ಇರತ್ತೆ. ನಾನಂತೂ ಹಾಡು ಕೇಳೋದಿಲ್ಲ. ದಿನವೆಲ್ಲ ಬೀಪ್ ಕೇಳಿ ಕೇಳಿ ಮನೆಗೆ ಹೋದ್ರೆ ಗಡಿಯಾರಾನೂ ನಿಲ್ಲಿಸಿಬಿಡ್ತೀನಿ." ಹಾಗೆ ಹೇಳಿ ಗುಂಗುರುವಿನ ಹಾಡು ಹಾಕಿ, ಕಂಪ್ಯೂಟರಿನಲ್ಲಿ ಗೀಟುಗಳನ್ನು ಮೇಲೆ ಕೆಳಗೆ ಎಳೆಯುತ್ತಾ, "ಈಗ? ಈಗ?" ಎಂದು ಕೇಳುತ್ತಾ ಹೋದಳು. ಇವಳು, "ಇನ್ನೂ ಒರಟು ಬೇಕು" ಎನ್ನುತ್ತಾ ಹೋದಳು. ಊರಿನ ಅತ್ಯುತ್ತಮ ಗಂಟಲನ್ನು ಇಬ್ಬರು ಹೆಂಗಸರು ಸೇರಿ ಶ್ರದ್ಧೆಯಿಂದ ಕೆಡಿಸುತ್ತಿದ್ದರು. ಮಾಸ್ತರರು ಪ್ಲಾಸ್ಟಿಕ್ ಕಿವಿಯನ್ನು ನೋಡುತ್ತಾ ಕೂತಿದ್ದರು. ಈಗ ಹೇಳಿದರೆ ಇಷ್ಟು ವರ್ಷ ಹೇಳಿದ್ದೆಲ್ಲ ಹೋಯಿತು, ಮಲ್ಮಲ್ ಹೋಯಿತು, ಲೈನಿಂಗ್ ಹೋಯಿತು, ಇನ್ನು ತನ್ನ ಒಂದು ಮಾತನ್ನೂ ಅವಳು ನಂಬುವುದಿಲ್ಲ. ಸಣ್ಣದೊಂದು ಹೊಂದಾಣಿಕೆ, ಇದರಿಂದ ಏನಾಗುತ್ತದೆ ಎಂದುಕೊಂಡರು. ಬೆಕ್ಕು ಕಣ್ಣು ಮುಚ್ಚಿಕೊಂಡೇ ಹಾಲು ಕುಡಿಯುತ್ತದೆ.

ಆಗಿದ್ದು ಇಷ್ಟು. ಗುಂಗುರು ಕೊಂಚ ಒರಟಾದ. ಅವನ ಜೊತೆಗೆ ಮಗಳೂ ಒರಟಾದಳು, ಗಿರಾಕಿಗಳೂ ಒರಟಾದರು. ಇನ್ನೂ ಪೂರಾ ಗೋಣಿಯಾಗಿಲ್ಲ ಎಂದು ಅವಳು ಮತ್ತೆ ಹೋಗಿ ಇನ್ನಷ್ಟು ತಿರುಗಿಸಿಕೊಂಡು ಬಂದಳು. ಮಾಸ್ತರರಿಗೆ ಅಂದು ಬೇರೆ ಕೆಲಸವಿತ್ತು. ಕೆಲಸವೇನೂ ಇರಲಿಲ್ಲ, ಇದೆ ಎಂದಿದ್ದರು. ಅಂದು ಸಂಜೆ ಮಗಳ ಫೋನ್ ಬಂದಿತು. ಅವಳು ಯಂತ್ರಕ್ಕೆ ಫೋನ್ ಒತ್ತಿ ಹಿಡಿದು, ಬಾಗಿ, ಕಣ್ಣು ಕಿರಿದು ಮಾಡಿ ಕೇಳಿದಳು. ಆಮೇಲೆ ಫೋನನ್ನು ಗಂಡನ ಕೈಗೆ ಕೊಟ್ಟಳು.

"ನೀವೇ ಮಾತಾಡಿ. ನನಗೆ ಬರೀ ಸೊಳ್ಳೆ ಕೇಳಿಸ್ತಿದೆ."

ಮಾಸ್ತರರು, ಏನೂ ಬೇಡ, ನೀನು ಬಾ ಎಂದು ಹೇಳಿ ಫೋನ್ ಇಟ್ಟರು. ತಿರುಗಿ ನೋಡಿದರೆ ಅವಳು ಯಂತ್ರವನ್ನು ತೆಗೆದು ಗುಂಡಿಗಳ ಡಬ್ಬಿಯೊಳಗೆ ಹಾಕುತ್ತಿದ್ದಳು.

"ಮಷಿನ್ನದ್ದು ತಪ್ಪಿಲ್ಲ ಅನ್ಸತ್ತೆ" ಎಂದಳು. "ಅವರು ಎಷ್ಟು ಸಲ ಅಂತ ತಿರುಗಿಸ್ತಾರೆ. ನನ್ನ ತಲೇಲೇ ಕೆಟ್ಟಿರಬೇಕು. ಇಷ್ಟು ವರ್ಷ ಖಾಲಿ ಬಿದ್ದಿತ್ತಲ್ಲ, ತುಕ್ಕು ಹಿಡಿದಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನಿಮ್ಮ ಕಷ್ಟ. ನಾಡಿದ್ದು ಹೋಗಿ, ಸಾಕು ಅಂತ ಹೇಳಿ ಬಂದುಬಿಡ್ತೀನಿ."

ಮಾಸ್ತರರಿಗೆ ತಮ್ಮ ಮೇಲೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ. ಕಾಲೊರೆಸುವ ಒಂದು ಗೋಣಿತಾಟು, ಅದನ್ನು ಹೊದಿಸಿ ಹೆಂಡತಿಯ ಕಿವಿಯನ್ನು ಎರಡನೆಯ ಸಲ ಮುಚ್ಚುತ್ತಿದ್ದೇನೆ ಎಂದು ಅನ್ನಿಸಿತು.

ನಾಡಿದ್ದು ಅವರೂ ಜೊತೆಗೆ ಹೋದರು. ಟೀಚರ್ ಯಂತ್ರವನ್ನು ತೆಗೆದುಕೊಂಡು ಕಂಪ್ಯೂಟರಿಗೆ ಸಿಕ್ಕಿಸಿದಳು. "ಬಿಡೋಕೆ ಮುಂಚೆ ಕೊನೇದಾಗಿ ಇನ್ನೊಂಚೂರು ಒರಟು ಮಾಡಿ ನೋಡೋಣ ಮೇಡಂ. ಅದೂ ಆಗದಿದ್ರೆ ಇವರಿಗೆ ಸಂಗೀತ ಆಗೋದಿಲ್ಲ ಅಂತ ಫೈಲಲ್ಲಿ ಹಾಕಿಬಿಡ್ತೀನಿ."

"ಅದನ್ನ ಮುಟ್ಟಬೇಡಿ" ಎಂದರು ಮಾಸ್ತರರು.

"ಯಾವುದನ್ನ ಸರ್?"

"ಗುಂಗುರುನ." ಹಾಗೆಂದು ಅವರು ಕುರ್ಚಿಯನ್ನು ಹೆಂಡತಿಯ ಕಡೆ ತಿರುಗಿಸಿಕೊಂಡರು. ಅವಳ ಕಿವಿಯಲ್ಲಿ ಈಗ ಯಂತ್ರವಿರಲಿಲ್ಲ. ಮದುವೆಯಾದಂದಿನಿಂದ ಮಾತಾಡಿಕೊಂಡು ಬಂದ ಹಾಗೆ, ತುಟಿಯನ್ನು ಪೂರ್ತಿ ಬಿಡಿಸಿ, ನಿಧಾನವಾಗಿ ಹೇಳಿದರು. "ಅವನು ಗೋಣಿತಾಟಲ್ಲ. ಮಖಮಲ್ಲು. ನಾನು ಕೇಳಿರೋರಲ್ಲೆಲ್ಲಾ ಅವನದೇ ಒಳ್ಳೇ ಗಂಟಲು. ಅವತ್ತು ನಿನಗೆ ನುಣ್ಣಗೆ ಕೇಳಿಸ್ತಲ್ಲ, ಅದು ಸರಿ. ನಿನ್ನ ತಲೇಲಿ ಏನೂ ಕೆಟ್ಟಿಲ್ಲ. ಕೆಟ್ಟಿರೋನು ನಾನು."

ಅವಳು ಅವರ ತುಟಿಯನ್ನೇ ನೋಡುತ್ತಿದ್ದಳು. ಟೀಚರ್ ಕಂಪ್ಯೂಟರಿನಿಂದ ಕೈ ತೆಗೆದಳು.

"ಮತ್ತೆ ಗೋಣಿ ಅಂತ ಯಾಕೆ ಹೇಳಿದ್ರಿ ಸರ್?"

ಮಾಸ್ತರರು ಪ್ಲಾಸ್ಟಿಕ್ ಕಿವಿಯ ಕಡೆ ನೋಡಿದರು. ಅದು ಸಹಾಯಕ್ಕೆ ಬರಲಿಲ್ಲ. "ಕೂದಲು ಚೆನ್ನಾಗಿತ್ತು" ಎಂದರು.

ಟೀಚರ್ ಓದಿದ ಪುಸ್ತಕಗಳಲ್ಲಿ ಕಿವುಡಿಗೆ ಹಲವು ಕಾರಣಗಳಿದ್ದವು, ಇದು ಇರಲಿಲ್ಲ. "ಸರಿ. ಮೊದಲಿನ ಹೊಂದಾಣಿಕೆ ಇನ್ನೂ ಇದೆ, ಅದನ್ನೇ ವಾಪಸ್ ಹಾಕ್ತೀನಿ. ಇನ್ನೇನಾದ್ರೂ ತಿದ್ದೋದಿದ್ರೆ ಈಗಲೇ ಹೇಳಿಬಿಡಿ."

"ನಂದೂ ರೇಷ್ಮೆ ಅಲ್ಲ."

"ನೀವೂ ಹಾಡ್ತೀರಾ?"

"ಅಕಾರ್ಡಿಯನ್."

"ಅದನ್ನ ಏನಂತ ಇಟ್ಕೊಳ್ಲಿ?"

"ಪಾಲಿಯೆಸ್ಟರ್" ಎಂದರು ಮಾಸ್ತರರು. "ಬಾಳಿಕೆ ಬರತ್ತೆ" ಎಂದು ಸೇರಿಸಿದರು.

ಆಗ ಹೆಂಡತಿ ಮಾತಾಡಿದಳು. ಆ ದನಿಯಲ್ಲಿ ಕೋಪ ಹುಡುಕಿದರೆ ಕೋಪ ಇಲ್ಲ, ನಗು ಹುಡುಕಿದರೆ ನಗು ಇಲ್ಲ. "ನಾನು ಆ ಫೋಟೋ ಅಂಟಿಸಿದ್ದು ಅವನ ಕೋಟಿಗೋಸ್ಕರ. ಅದರ ಭುಜದ ಕಟ್ಟಿಂಗ್ ನೋಡಿಕೊಂಡು ನಿಮಗೆ ಒಂದು ಹೊಲಿದೆ. ಎಡ ಭುಜ ಇಳಿದಿರೋದು ಕಾಣಬಾರದು ಅಂತ."

ಮಾಸ್ತರರಿಗೆ ಆ ಕೋಟು ಚೆನ್ನಾಗಿ ನೆನಪಿತ್ತು. ಬಣ್ಣ ಹೋಗುವ ತನಕ ಹಾಕಿಕೊಂಡಿದ್ದರು.

"ಇನ್ನೇನೇನು ಸುಳ್ಳು ಹೇಳಿದ್ದೀರಿ? ನಿಮ್ಮಮ್ಮ ನನ್ನ ಬಗ್ಗೆ ಒಳ್ಳೇದು ಹೇಳ್ತಾರೆ ಅಂತ ಹೇಳ್ತಿದ್ರಲ್ಲ, ಅವೆಲ್ಲ?"

"ಅದು... ಸ್ವಲ್ಪ ಇಸ್ತ್ರಿ ಮಾಡಿ ಹೇಳ್ತಿದ್ದೆ."

"ಅದು ಗೊತ್ತಿತ್ತು ಬಿಡಿ. ಅವರ ಬಾಯಿ ಓದೋಕೆ ನನಗೂ ಬರತ್ತೆ."

ಟೀಚರ್ ಯಂತ್ರವನ್ನು ಅವಳ ಕಿವಿಗೆ ಕೂರಿಸಿದಳು. "ಮೇಡಂ, ನನ್ನ ದನಿ ಹೇಗಿದೆ?" ಎಂದಳು. ಅವಳು ಪರೀಕ್ಷಿಸುವವಳಂತೆ ತಲೆ ಓರೆ ಮಾಡಿ, "ನಿದ್ದೆ ಬಿಟ್ಟವರ ದನಿ" ಎಂದಳು. ಅಲ್ಲಿಗೆ ಎಲ್ಲ ಸರಿಯಾಗಿದೆ ಎಂದು ಟೀಚರ್ ಬಾಗಿಲು ತೆರೆದಳು.

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಮಾಸ್ತರರು ಕೊಂಚ ಜಾಗ ಬಿಟ್ಟು ಕೂತರು, ಬಸ್ಸು ತಿರುಗಿದಾಗ ಆ ಜಾಗ ತಾನಾಗಿ ಮುಚ್ಚಿತು. ಅವಳು ಫೋನ್ ತೆಗೆದಳು. ಫೋನಿನ ಹಾಡು ನೇರವಾಗಿ ಯಂತ್ರಕ್ಕೆ ಹೋಗುವ ಹಾಗೆ ಮಗಳು ಮಾಡಿಕೊಟ್ಟಿದ್ದಳು, ಹೊರಗಿನವರಿಗೆ ಒಂದಕ್ಷರವೂ ಕೇಳಿಸುವುದಿಲ್ಲ. ಪರದೆಯ ಮೇಲೆ ಗುಂಗುರುವಿನ ಮುಖ ಬಂತು. ಅವಳು ಹೊರಗೆ ನೋಡುತ್ತಾ ಕೇಳಿದಳು. ಹಾಡು ಮುಗಿಯಿತು, ಮತ್ತೆ ಅದನ್ನೇ ಹಾಕಿದಳು. ಅವಳ ಕುತ್ತಿಗೆಯ ಹಿಂದೆ ಸಣ್ಣ ಕೂದಲು ನಿಮಿರಿದ್ದನ್ನು ಮಾಸ್ತರರು ಪಕ್ಕದಿಂದ ಕಂಡರು. ಹೊಟ್ಟೆ ಉರಿಯಿತು. ಆದರೂ ಉರಿಯಲಿ ಎಂದು ಬಿಟ್ಟುಬಿಟ್ಟರು.

"ಹೇಗಿದೆ?" ಎಂದು ಕೇಳಿದರು. ಈ ಪ್ರಶ್ನೆಯನ್ನು ಆ ಮನೆಯಲ್ಲಿ ಅದುವರೆಗೆ ಅವಳು ಕೇಳುತ್ತಿದ್ದಳು, ಅವರು ಹೇಳುತ್ತಿದ್ದರು.

"ತಡೀರಿ, ಮುಗೀಲಿ."

ಮುಗಿದ ಮೇಲೆ ಬೆರಳಿನಿಂದ ಪರದೆಯನ್ನು ಸರಿಸುತ್ತಾ ಹೋದಳು. ಒಂದು ಕಡೆ ನಿಲ್ಲಿಸಿದಳು. ಮಾಸ್ತರರು ಓರೆಗಣ್ಣಿನಲ್ಲಿ ನೋಡಿದರು. ಹಿಂದಿನ ವರ್ಷ ಯಾವುದೋ ಮದುವೆಯಲ್ಲಿ ಅವರೊಬ್ಬರೇ ನುಡಿಸಿದ್ದು, ಮಗಳು ಮುಂದಿನ ಸಾಲಿನಲ್ಲಿ ಕೂತು ಹಿಡಿದುಕೊಂಡಿದ್ದು. ಬೇಡ ಎನ್ನಬೇಕೆಂದು ಕೈ ಎತ್ತಿದರು. ಅಷ್ಟರಲ್ಲಿ ಅವಳು ಒತ್ತಿಯಾಗಿತ್ತು.

ಮನುಷ್ಯ ತನ್ನದೇ ವಾದ್ಯವನ್ನು ಇನ್ನೊಬ್ಬರ ಮುಖದಲ್ಲಿ ಕೇಳಬೇಕಾಗಿ ಬಂದರೆ ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಒಂದು ಸ್ಟಾಪಿನಲ್ಲಿ ಜನ ಇಳಿದರು, ಇನ್ನೊಂದರಲ್ಲಿ ಹತ್ತಿದರು. ಅವಳ ಮುಖದಲ್ಲಿ ಏನೂ ಬರಲಿಲ್ಲ, ಏನೂ ಹೋಗಲಿಲ್ಲ. ಕೈಚೀಲದ ಮೇಲೆ ಎರಡು ಬೆರಳು ಮಾತ್ರ ಮೆಲ್ಲಗೆ ಬಡಿಯುತ್ತಿದ್ದವು. ಒಂದು ಕಡೆ ಅವು ನಿಂತವು, ಆಮೇಲೆ ಮತ್ತೆ ಹಿಡಿದುಕೊಂಡವು. ಕೊನೆಗೆ ಅವಳು ಫೋನನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಸುಮಾರಾಗಿದೆ" ಎಂದಳು. "ಮಧ್ಯೆ ಒಂದು ಕಡೆ ಹೊಲಿಗೆ ಬಿಟ್ಟಿದ್ದೀರಿ."

"ಎಲ್ಲಿ?"

ಅವಳು ಅವರ ಮೊಣಕಾಲ ಮೇಲೆ ಬೆರಳಿಟ್ಟು ಬಡಿದು ತೋರಿಸಿದಳು. ಎರಡನೆಯ ಚರಣ ಮುಗಿದು ಮೇಲಕ್ಕೆ ಏರುವ ಜಾಗ. ಅಲ್ಲಿ ಬಲಗೈ ಮುಂದೆ ಹೋಗಿತ್ತು, ಎಡಗೈ ಕಣ್ಣು ಮಿಟುಕಿಸುವಷ್ಟು ಹಿಂದೆ ಬಿದ್ದಿತ್ತು. ಪಕ್ಕದಲ್ಲೇ ಸುಮ್ಮನೆ ಕೂತಿದ್ದ ಡ್ರಮ್ಮಿನವನಿಗೆ ಗೊತ್ತಾಗಿರಲಿಲ್ಲ. ತಂಡದ ಯಜಮಾನನಿಗೆ ಗೊತ್ತಾಗಿರಲಿಲ್ಲ. ಕೂತ ಜನರಂತೂ ಬಿಡಿ, ಅವರ ಗಮನವೆಲ್ಲ ಊಟಕ್ಕೆ ಯಾವಾಗ ಕರೆಯುತ್ತಾರೆ ಎಂಬುದರ ಮೇಲಿತ್ತು. ಅದು ಮಾಸ್ತರರಿಗೆ ಒಬ್ಬರಿಗೇ ಗೊತ್ತಿದ್ದ ತಪ್ಪು. ಇಷ್ಟು ವರ್ಷದಲ್ಲಿ ಎಷ್ಟೋ ಊರುಗಳಲ್ಲಿ, ಎಷ್ಟೋ ಸಾವಿರ ಕಿವಿಗಳ ಮುಂದೆ ಅವರು ನುಡಿಸಿದ್ದರು. ಅವರ ಎಡಗೈಯನ್ನು ಯಾರೂ ಕೇಳಿಸಿಕೊಂಡಿರಲಿಲ್ಲ.

ಇಷ್ಟು ಸಂತೋಷ ಅವರಿಗೆ ಯಾವ ಚಪ್ಪಾಳೆಯಿಂದಲೂ ಆಗಿರಲಿಲ್ಲ.

"ಹೌದು" ಎಂದರು. "ಅಲ್ಲಿ ತಪ್ಪಿದೆ."

"ಇನ್ನೊಂದ್ಸಲ ಹಾಕ್ತೀನಿ" ಎಂದಳು ಅವಳು. "ಮಧ್ಯೆ ಮಾತಾಡಬೇಡಿ."

ಮಾಸ್ತರರು ಕೈ ಕಟ್ಟಿಕೊಂಡು ಸುಮ್ಮನೆ ಕೂತರು.